ಹೊಳೆ ದಂಡೆಗೆ ಸ್ಪೀಕರ್ ಯಾಕ್ರೀ ತರ್ತೀರ?

ತೀರ್ಥಹಳ್ಳಿಗೆ ಬನ್ನಿ, ಬೇಡ ಅನ್ನುವವರು ಯಾರೂ ಇಲ್ಲ. ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಿ, ಬಿಸಿ ಕಡುಬು ತಿನ್ನಿ, ಆಗುಂಬೆಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ. ಆದರೆ ಆ ಬ್ಲೂಟೂತ್ ಸ್ಪೀಕರ್ ಇದೆಯಲ್ಲ, ಅದನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಇಷ್ಟು ಕೇಳಿದರೆ ಜಾಸ್ತಿ ಆಯ್ತಾ?

ಮೊನ್ನೆ ರಾಮಮಂಟಪದ ಹತ್ತಿರದ ಬಂಡೆಗಳ ಮೇಲೆ ಒಂದು ಗುಂಪು ಕೂತಿತ್ತು. ಸ್ಪೀಕರ್ ಅಂದರೆ ಸಣ್ಣದಲ್ಲ, ಬಿಂದಿಗೆ ಗಾತ್ರದ್ದು. ಅದಕ್ಕೆ ಕೆಂಪು, ನೀಲಿ ಲೈಟು ಬೇರೆ, ಮಟಮಟ ಮಧ್ಯಾಹ್ನ! ಸ್ವಲ್ಪ ಆಚೆ ಯಾರೋ ಒಬ್ಬರು ತರ್ಪಣ ಬಿಡುತ್ತಿದ್ದರು. ಭಟ್ಟರು ಹೇಳಿದ ಮಂತ್ರ ಅವರಿಗೆ ಕೇಳಿಸುತ್ತಿಲ್ಲ. ಕೈಯಲ್ಲಿ ಎಳ್ಳು ನೀರು ಹಿಡಿದುಕೊಂಡೇ 'ಏನಂದ್ರಿ ಭಟ್ರೇ?' ಅಂತ ಕತ್ತು ಚಾಚುತ್ತಾರೆ. ಭಟ್ಟರು ಗಂಟಲು ಹರಿದುಕೊಂಡು ಮತ್ತೆ ಹೇಳುತ್ತಾರೆ. ಸತ್ತ ಅಪ್ಪನಿಗೆ ನೀರು ಬಿಡುವವರು ಡಿಜೆ ಜೊತೆ ಪೈಪೋಟಿಗೆ ಇಳಿಯಬೇಕಾ?

ನಾನೇ ಹೋಗಿ, 'ಸ್ವಲ್ಪ ಸೌಂಡ್ ಕಮ್ಮಿ ಮಾಡ್ರಪ್ಪ' ಅಂದೆ. 'ಅಂಕಲ್, ಎಂಜಾಯ್ ಮಾಡೋಕೆ ಬಂದಿದೀವಿ' ಅಂತ ಉತ್ತರ ಬಂತು. ಮಾಡಿ ಮಾರಾಯ, ಬೇಡ ಅಂದವರು ಯಾರು? ನಿಮ್ಮ ಎಂಜಾಯ್‌ಮೆಂಟು ಹೊಳೆಯ ಆಚೆ ದಡದವರೆಗೂ ಯಾಕೆ ಕೇಳಿಸಬೇಕು?

ಕುಪ್ಪಳಿಗೆ ಹೋದರೂ ಇದೇ ಕಥೆ. ಕವಿಮನೆ ನೋಡಿಕೊಂಡು ಕವಿಶೈಲ ಹತ್ತುವುದೇ ಆ ಕಾಡಿನ ಸದ್ದು ಕೇಳಲಿಕ್ಕೆ. ಕುವೆಂಪು ಕೂತು ಬೆಟ್ಟಸಾಲು ನೋಡುತ್ತಿದ್ದ ಜಾಗ ಅದು. 1994ರಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದೂ ಅಲ್ಲೇ. ಸಮಾಧಿಯ ಪಕ್ಕ ಬ್ಯಾಗ್ ಇಟ್ಟು, ಬ್ಯಾಗಿನೊಳಗಿಂದಲೇ ಹಾಡು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಆಫ್ ಮಾಡುವುದಿಲ್ಲ, ಪಾಸ್ ಕೂಡ ಒತ್ತುವುದಿಲ್ಲ.

ನನಗೆ ನಿಜಕ್ಕೂ ತಲೆ ಕೆಟ್ಟಿದ್ದು ಮಂಡಗದ್ದೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲೇ, ತುಂಗೆಯ ನಡುವೆ ಸಣ್ಣ ನಡುಗಡ್ಡೆಗಳಿವೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತ ನೀರು, ಹಾಗಾಗಿ ಮರಿಗಳು ಕ್ಷೇಮ. ರಸ್ತೆ ಬದಿಯಿಂದಲೇ ಕಾಣಿಸುತ್ತದೆ, ಒಂದು ಪೈಸೆ ಖರ್ಚಿಲ್ಲ. ಅಲ್ಲಿ ಒಬ್ಬ ಕಾರಿನೊಳಗೆ ಕೂತು ಹಾರ್ನ್ ಒತ್ತುತ್ತಿದ್ದ, ಇನ್ನೊಬ್ಬ ಹೊರಗೆ ಮೊಬೈಲ್ ಹಿಡಿದು ನಿಂತಿದ್ದ. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಬೇಕಂತೆ, ರೀಲ್ಸ್‌ಗೆ! ಏಳಲಿಲ್ಲ ಅಂತ ಸ್ಪೀಕರ್ ಬೇರೆ ತೆಗೆದರು. ಮೊಟ್ಟೆಗೆ ಕಾವು ಕೊಡುತ್ತಾ ಕೂತ ಹಕ್ಕಿ ಕಣ್ರೀ ಅದು. ನಿಮ್ಮ ಮನೆ ಬಾಣಂತಿ ಕೋಣೆ ಮುಂದೆ ಯಾರಾದರೂ ಹೀಗೆ ಹಾರ್ನ್ ಒತ್ತಿದರೆ ಸುಮ್ನೆ ಬಿಡ್ತೀರಾ?

ನಮ್ಮೂರಲ್ಲಿ ಸದ್ದೇ ಇಲ್ಲ ಅಂತಲ್ಲ. ಎಳ್ಳಮಾವಾಸ್ಯೆ ಜಾತ್ರೆಗೆ ಬಂದು ನೋಡಿ. ವಾಲಗ, ತೇರು, ತೆಪ್ಪೋತ್ಸವದ ಪಟಾಕಿ, ಕಿವಿ ಗುಯ್ ಅನ್ನುತ್ತದೆ. ಯಕ್ಷಗಾನವಿದ್ದರೆ ಚೆಂಡೆಗೆ ನಿದ್ದೆ ಹಾಳು. ಆದರೆ ಅದಕ್ಕೊಂದು ದಿನ ಇದೆ, ಊರಿಗೆ ಊರೇ ಸೇರುತ್ತದೆ, ಮರುದಿನ ಎಲ್ಲ ತಣ್ಣಗಾಗುತ್ತದೆ. ಇದು ಹಾಗಲ್ಲ, ಪ್ರತಿ ಶನಿವಾರ ತಪ್ಪದೆ ವಕ್ಕರಿಸುವ ಜಾತ್ರೆ.

ಅಕ್ಕನ ಮನೆ ಮೇಲಿನ ಗುಡ್ಡದಲ್ಲಿ ಒಂದು ಹೋಂಸ್ಟೇ ಇದೆ. ಲೌಡ್‌ಸ್ಪೀಕರ್ ವಿಷಯಕ್ಕೆ 2000ನೇ ಇಸವಿಯಿಂದಲೇ ನಿಯಮ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಅಲ್ಲಿ ಶುರುವಾಗುವುದೇ ಹತ್ತರ ಮೇಲೆ. ಕಣಿವೆ ಅಲ್ವಾ, ಗುಡ್ಡದ ಮೇಲೆ ಹಾಕಿದ್ದು ಕೆಳಗೆ ನಡುಮನೆಯಲ್ಲೇ ಹಾಕಿದ ಹಾಗೆ ಕೇಳುತ್ತದೆ. ಮಗಳಿಗೆ ಪರೀಕ್ಷೆ ಅಂತ ಭಾವ ಟಾರ್ಚ್ ಹಿಡಿದು ಹತ್ತಿ ಹೋದರು. ಓನರ್ ಪಾಪ, ಕೈ ಹಿಸುಕಿಕೊಳ್ಳುತ್ತಾರೆ. 'ಎಂತ ಮಾಡೋದು ಮಾರಾಯ್ರೆ, ನಿಲ್ಸಿ ಅಂದ್ರೆ ರಿವ್ಯೂನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋಗ್ತಾರೆ.' ಈ ಕಾಲಕ್ಕೆ ಅಡಿಕೆ ಒಂದನ್ನೇ ನಂಬಿ ಕೂರಲಿಕ್ಕಾಗುತ್ತದಾ? ಹಾಗಾಗಿ ಅವರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ, ಅರ್ಧ ಬರುತ್ತದೆ. ಉಳಿದರ್ಧವೂ ಸೇರಿಸಿ ಸ್ಪೀಕರ್ ತಂದವರಿಗೇ ಇರಲಿ.

ಹಾಡು ಬೇಕೇ ಬೇಕು ಅಂದರೆ ಇಯರ್‌ಫೋನ್ ಅಂತ ಒಂದು ವಸ್ತು ಇದೆ. ತೀರ್ಥಹಳ್ಳಿಯ ಮೊಬೈಲ್ ಅಂಗಡಿಗಳಲ್ಲೂ ಸಿಗುತ್ತದೆ. ಹೊಳೆಗೆ ಇಳಿಯುವ ಮೊದಲೇ ತಗೊಳ್ಳಿ. ದುಡ್ಡು ಬೇಕಾದರೆ ನಾನೇ ಕೊಡುತ್ತೇನೆ.