ಶಾಟ್ಲಿ ಬ್ರಿಡ್ಜ್‌ನ ಕತ್ತಿ ಪೊಳ್ಳಲ್ಲ

ಇಂಗ್ಲೆಂಡಿನ ಶಾಟ್ಲಿ ಬ್ರಿಡ್ಜ್‌ನಲ್ಲಿ ಜರ್ಮನ್ ಕಮ್ಮಾರರು ಕೊಳವೆಯಂತೆ ಒಳಗೆ ಪೊಳ್ಳಾದ ಕತ್ತಿ ಮಾಡುತ್ತಿದ್ದರು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. 1687ರ ಸುಮಾರಿಗೆ ಜರ್ಮನಿಯ ಝೋಲಿಂಗೆನ್ ಪಟ್ಟಣದಿಂದ ಇಲ್ಲಿನ ಡರ್ವೆಂಟ್ ನದಿಯ ದಡಕ್ಕೆ ಬಂದ ಇವರ ಅಲಗು ಗಟ್ಟಿ ಉಕ್ಕಿನದೇ. ಅಡ್ಡಕ್ಕೆ ಕೊಯ್ದು ನೋಡಿದರೆ ತ್ರಿಕೋನ. ಅದರ ಮುಖಗಳು ಒಳಕ್ಕೆ ತಗ್ಗಾಗಿರುತ್ತವೆ. ಈ ಅಲಗಿನ ಇಂಗ್ಲಿಷ್ ಹೆಸರಲ್ಲಿ ‘ಹಾಲೋ’ (ಪೊಳ್ಳು, ತಗ್ಗು ಎರಡೂ ಅರ್ಥವಿದೆ) ಎಂದದ್ದು ಆ ತಗ್ಗನ್ನು, ಅಷ್ಟೇ. ಇದರಿಂದ ತೂಕ ಇಳಿಯುತ್ತದೆ, ಮೂರು ಏಣುಗಳಿರುವುದರಿಂದ ಚುಚ್ಚುವಾಗ ಅಲಗು ಬಳುಕುವುದಿಲ್ಲ. ಕೊಳವೆಯಾಗಿದ್ದರೆ ಪೆಟ್ಟು ಬಿದ್ದಲ್ಲೇ ನೆಗ್ಗುತ್ತಿತ್ತು!

ಅಲಗಿನ ಮೇಲೆ ಓಡುವ ತೋಳದ ಗುರುತಿದ್ದರೆ ಕತ್ತಿ ಜರ್ಮನಿಯದ್ದೇ ಎನ್ನುವುದೂ ಸಲ್ಲದು. ಅದೇ ಗುರುತನ್ನು ಇವರೂ ಒತ್ತುತ್ತಿದ್ದರು. ಅಂದಹಾಗೆ, ಈ ಕಮ್ಮಾರರಿಂದ ಕತ್ತಿ ಮಾಡಿಸುತ್ತಿದ್ದ, 1691ರಲ್ಲಿ ಸನ್ನದು ಪಡೆದ ಹಾಲೋ ಸ್ವೋರ್ಡ್ ಬ್ಲೇಡ್ ಕಂಪನಿ ಮುಂದೆ ಕತ್ತಿ ಬಿಟ್ಟು ಬ್ಯಾಂಕ್ ವ್ಯವಹಾರಕ್ಕಿಳಿಯಿತು. 1720ರಲ್ಲಿ ಇಂಗ್ಲೆಂಡಿನ ಸೌತ್ ಸೀ ಎಂಬ ಕಂಪನಿಯ ಷೇರು ಕುಸಿದಾಗ ಪಾವತಿ ನಿಲ್ಲಿಸಿದ್ದು ಅದೇ.