ನನ್ನ ಹಿಮ್ಮಡಿಗೊಂದು ಲ್ಯಾಟಿನ್ ಹೆಸರು

ನಿನ್ನೆ ರಾತ್ರಿ ಮತ್ತೆ ಅದೇ ಆಯ್ತು. ಮಲಗಿ ಕಾಲು ಚಾಚಿದೆ, ಚರ್ರ್! ಒಡೆದ ಹಿಮ್ಮಡಿ ಬೆಡ್‌ಶೀಟಿನ ಎಳೆಗೆ ಸಿಕ್ಕಿಕೊಂಡಿತು. ಎಳೆದರೆ ಬೆಡ್‌ಶೀಟೂ ಜೊತೆಗೆ ಬರುತ್ತದೆ, ಬಿಟ್ಟರೆ ನಿದ್ದೆ ಬರುವುದಿಲ್ಲ. ಆ ಸದ್ದಿಗೆ ಹಲ್ಲು ಜುಂ ಅನ್ನುತ್ತದೆ, ಅಲ್ವಾ?

ಬೆಳಿಗ್ಗೆ ಮುಲಾಮು ಹಚ್ಚುತ್ತಾ ಕೂತಿದ್ದೆ. ಅಣ್ಣ ಬಗ್ಗಿ ನೋಡಿ, ‘ರೈಮೋಸ್’ ಅಂದ.

‘ಸೋಫಾ ಸಂದಿಯಲ್ಲಿ ನೋಡು’ ಅಂದೆ. ರಿಮೋಟ್ ಕೇಳಿದ ಅಂದುಕೊಂಡಿದ್ದೆ.

ಅಣ್ಣನಿಗೆ ದಿನಕ್ಕೊಂದು ಇಂಗ್ಲಿಷ್ ಪದ ಕಲಿಯುವ ಚಟ. ಕಲಿತು ಸುಮ್ನೆ ಇದ್ದರೆ ಸರಿ. ಮಲಗುವುದರೊಳಗೆ ಅದನ್ನು ಯಾರ ಮೇಲಾದರೂ ಪ್ರಯೋಗಿಸಲೇಬೇಕು. ‘ಲ್ಯಾಟಿನ್‌ನಲ್ಲಿ ರೀಮಾ ಅಂದರೆ ಬಿರುಕು. ರೈಮೋಸ್ ಅಂದರೆ ಮೈತುಂಬ ಬಿರುಕು ಬಿಟ್ಟದ್ದು’ ಅಂತ ಪಾಠ ಶುರು ಮಾಡಿದ. ಆಮೇಲೆ ಮನೆಯೆಲ್ಲ ಸುತ್ತಿದ. ಒಣಗಿದ ಸೋಪು ರೈಮೋಸ್. ಗೋಡೆಯ ಗಾರೆ ರೈಮೋಸ್. ನನ್ನ ಹಳೇ ಚಪ್ಪಲಿಯೂ ರೈಮೋಸ್. ಕನ್ನಡಿ ಮುಂದೆ ಮಾತ್ರ ಬಾಯಿ ಬಿಡದೆ ದಾಟಿಹೋದ.

ನಾನೂ ಡಿಕ್ಷನರಿ ತೆಗೆದೆ. ಅದು ತೊಗಟೆ, ಕಲ್ಲುಹೂವು, ಅಣಬೆಯ ಟೊಪ್ಪಿಗೆಗೆ ಬಳಸುವ ಪದವಂತೆ. ‘ನಾನೇನು ಮರವಾ?’ ಅಂತ ರೇಗಿದೆ.

‘ಹೆಚ್ಚು ಕಡಿಮೆ. ಮರ ಒಳಗಿನಿಂದ ದಪ್ಪಗಾಗುತ್ತದೆ, ಹೊರಗಿನ ಸತ್ತ ತೊಗಟೆ ಹಿಗ್ಗುವುದಿಲ್ಲ, ಸೀಳುತ್ತದೆ. ಅಂಗಾಲಲ್ಲಿ ಎಣ್ಣೆ ಗ್ರಂಥಿಯೇ ಇಲ್ಲ. ಒಣಗಿ ದಪ್ಪಗಾದ ಚರ್ಮದ ಮೇಲೆ ನಿನ್ನ ಭಾರ ಬಿದ್ದರೆ...’ ಭಾರ ಅನ್ನುವಾಗ ಸ್ವಲ್ಪ ಜಾಸ್ತಿಯೇ ಒತ್ತಿದ.

ಚಂದ್ರನ ಮೇಲಿನ ಉದ್ದನೆಯ ಕೊರಕಲುಗಳಿಗೂ ರೀಮಾ ಅಂತಲೇ ಹೆಸರು. 1971ರಲ್ಲಿ ಅಪೊಲೊ 15 ಇಳಿದದ್ದು ಅಂಥದೇ ಒಂದರ ಪಕ್ಕ. ಅದನ್ನು ನೋಡೋಕೆ ರಾಕೆಟ್ ಹತ್ತಿ ಹೋಗುತ್ತಾರೆ, ನನ್ನದನ್ನು ನೋಡಿದರೆ ಮೂಗು ಮುರಿಯುತ್ತಾರೆ.

ಅಮ್ಮ ಇದ್ದಾಗ ‘ಕಾಲು ಒಡೆದಿದೆ’ ಅಂದರೆ ಮುಗೀತಿತ್ತು. ನಮ್ಮಲ್ಲಿ ಹಾಲೂ ಒಡೆಯುತ್ತದೆ, ಗುಟ್ಟೂ ಒಡೆಯುತ್ತದೆ, ಚಿಗುರೂ ಒಡೆಯುತ್ತದೆ. ಅಮ್ಮನ ಹಿಮ್ಮಡಿ ನನ್ನದಕ್ಕಿಂತ ಒರಟು. ಚಿಕ್ಕವನಿದ್ದಾಗ ಪಕ್ಕದಲ್ಲಿ ಮಲಗಿ, ತುರಿಸಿದ ನನ್ನ ಪಾದವನ್ನು ಅದಕ್ಕೇ ಉಜ್ಜುತ್ತಿದ್ದೆ. ‘ಸುಮ್ನೆ ಮಲಕ್ಕೋ’ ಅನ್ನುತ್ತಿದ್ದಳು, ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ.

ಈಗ ಕಾಲುಚೀಲ ಹಾಕಿಕೊಂಡು ಕೂತಿದ್ದೇನೆ. ಅದರ ಎಳೆಯೂ ಸಿಕ್ಕಿಕೊಂಡಿದೆ. ಇರಲಿ, ಅದೇ ಡಿಕ್ಷನರಿಯಲ್ಲಿ ನನಗೂ ಒಂದು ಪದ ಸಿಕ್ಕಿತು: ಗ್ಲೇಬ್ರಸ್. ಇದೂ ಲ್ಯಾಟಿನ್‌ನಿಂದ ಬಂದದ್ದೇ, ಕೂದಲಿಲ್ಲದ್ದು ಅಂತ ಅರ್ಥ. ಅಣ್ಣ ದೀಪದ ಕೆಳಗೆ ತಲೆ ಬಗ್ಗಿಸಿ ನಾಳೆಯ ಪದ ಹುಡುಕುತ್ತಿದ್ದಾನೆ. ನೆತ್ತಿ ಫಳಫಳ ಹೊಳೆಯುತ್ತಿದೆ.