ಸ್ಪಷ್ಟನೆ: ಹಳೇ ಕಟ್ಟಡಕ್ಕೆ ಹೊಸ ಭಾಗ ಸೇರಿಸುವ ಬಗ್ಗೆ

ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಪೇಟೆಯ ಹಳೇ ಕಟ್ಟಡ ರಿಪೇರಿ ಮಾಡುವಾಗ ಹೊಸದಾಗಿ ಕಟ್ಟುವ ಭಾಗವೂ ಹಳೆಯದರ ತದ್ರೂಪ ಆಗಿರಲೇಬೇಕು, ಇದು ಅಂತಾರಾಷ್ಟ್ರೀಯ ನಿಯಮ." ಅದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ಹಳೇ ಸ್ಮಾರಕಗಳನ್ನು ಕಾಪಾಡುವ ಬಗ್ಗೆ ತಜ್ಞರು ಮಾಡಿಕೊಂಡ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಹೇಳುವುದು ಹೆಚ್ಚುಕಮ್ಮಿ ಇದರ ಉಲ್ಟಾ. ಬೇರೆ ದಾರಿಯಿಲ್ಲದೆ ಸೇರಿಸಿದ ಭಾಗ ಈ ಕಾಲದ್ದು ಅಂತ ಗೊತ್ತಾಗಬೇಕು. ಅಮೆರಿಕದ ಸರ್ಕಾರಿ ಮಾನದಂಡವೂ ಹಾಗೇ: ಬೇರೆಯಾಗಿ ಕಾಣಲಿ, ಆದರೆ ಅಳತೆ, ಗಾತ್ರದಲ್ಲಿ ಹೊಂದಿಕೊಳ್ಳಲಿ, ನಾಳೆ ಕಿತ್ತರೂ ಮೂಲ ಕಟ್ಟಡಕ್ಕೆ ಪೆಟ್ಟಾಗಬಾರದು. ಮುಂದೆ ಜಗಲಿ, ಮರದ ಕಂಬ, ಹೆಂಚಿನ ಸೂರು ಇರುವ ಮನೆಯ ಹಿಂದಗಡೆ, ಬೀದಿಗೆ ಕಾಣದಷ್ಟು ತಗ್ಗಾಗಿ, ಕಬ್ಬಿಣ-ಗಾಜಿನ ಕೋಣೆ ಬಂದರೆ ತಪ್ಪೇನಿಲ್ಲ. ಸುಮ್ನೆ ಸಿಮೆಂಟಿನಲ್ಲಿ ಮರದ ಕಂಬದ ನಕಲು ಮಾಡಿ ಕಂದು ಬಣ್ಣ ಬಳಿಯುವುದೇ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ, ಅಲ್ವಾ?

ಇವು ಮಾರ್ಗಸೂಚಿಗಳು, ನಮ್ಮ ಕಾನೂನು ಬೇರೆ. ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಬೇಕಾದರೂ ಅನುಮತಿ ಪಡೆಯಲೇಬೇಕು.

ನನ್ನ ಹಳೇ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿಬಿಡಿ.